ಹಿಡಿಕಾಳು

ನನ್ನ ತಂಗಿ ಕೆಂಚಮ್ಮ ನಕ್ಕರೆ ಬೀಳುತ್ತಾಳೆ.
ಮೊದಲು ಗಲ್ಲ ಸಡಿಲಾಗುತ್ತದೆ, ಆಮೇಲೆ ಮಂಡಿ,
ಕೈಯಲ್ಲಿದ್ದ ಮೊರ ತಾನೇ ಜಾರಿ
ಮಂಡಕ್ಕಿ ನೆಲದ ತುಂಬ.
ಕಣ್ಣು ತೆರೆದೇ ಇರುತ್ತದೆ. ಎಲ್ಲ ಕೇಳಿಸುತ್ತದೆ ಅವಳಿಗೆ,
ಭಟ್ಟಿಯ ಯಜಮಾನ ಬೈದದ್ದೂ.

ಇನ್ನು ನಿದ್ದೆ. ಅದಕ್ಕೆ ಹೊತ್ತಿಲ್ಲ ಗೊತ್ತಿಲ್ಲ.
ಕಾದ ಮರಳಿನ ಬಾಣಲೆಯ ಮುಂದೆ ಒಮ್ಮೆ,
ದಾವಣಗೆರೆ ಸಿಟಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಒಮ್ಮೆ,
ಗಣಿತದ ಪರೀಕ್ಷೆಯಲ್ಲಿ ಅಕ್ಷರ ಓರೆಯಾಗಿ
ಗೆರೆ ದಾಟಿ, ಹಾಳೆ ದಾಟಿ
ಬೆಂಚಿನ ಮೇಲೆ ಮುಗಿದಿತ್ತು ಉತ್ತರ.
ಮೇಷ್ಟ್ರು ಸೋಮಾರಿ ಅಂದರು.
ಅವ್ವ ಗಾಳಿ ಅಂದಳು, ತಾಯತ ಕಟ್ಟಿಸಿದಳು.
ಕಟ್ಟಿದ ಮುದುಕನ ಎದುರೇ ನಿದ್ದೆ ಹೋದಳು ಕೆಂಚಿ.
ಪಾಪ, ಅವನು ರೊಕ್ಕ ವಾಪಸ್ ಕೊಟ್ಟ. ಅರ್ಧ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅಪ್ಪನ ಕೆಲಸ ಕೇಳಿದರು.
ಎಪಿಎಂಸಿಯಲ್ಲಿ ಹಮಾಲಿ. ಮೆಕ್ಕೆಜೋಳದ ಚೀಲಕ್ಕೆ
ಸಲಾಕೆ ಚುಚ್ಚಿ, ಒಂದು ಹಿಡಿ ಕಾಳು ತೆಗೆದು
ಖರೀದಿದಾರನ ಕಣ್ಣಿಗೆ ಹಿಡಿಯುವವನು.
"ಹಂಗಾದ್ರೆ ನಿಮಗೆ ಬೇಗ ತಿಳಿಯುತ್ತೆ" ಅಂದರು.
ಮೈಯೊಳಗೂ ಇಂಥ ಕೈಗಳಿವೆಯಂತೆ,
ಸಿಕ್ಕಿದ್ದರಲ್ಲಿ ಒಂದು ಹಿಡಿ ತೆಗೆದು
ತೋರಿಸುತ್ತಲೇ ಇರುತ್ತವೆ, ಹಗಲೂ ರಾತ್ರಿ.
ಕಾವಲಿನವರು ನೋಡುತ್ತ ಸಾಗುತ್ತಾರೆ:
ನಮ್ಮದು, ನಮ್ಮದು, ನಮ್ಮದು,
ಇದು ಜ್ವರದ್ದು, ಹೊಡಿ.

ಆ ಕೈಯ ಆಕಾರ ಹೆತ್ತವರಿಂದ ಬರುತ್ತದೆ.
ಕೆಂಚಿಯ ಕೈಗೊಂದು ಉದ್ದ ಹೆಸರು, ನಡುವೆ ಚುಕ್ಕಿ, ಅಂಕಿ,
ಲಾರಿ ನಂಬರಿನ ಹಾಗೆ.
ಎಂಟನೇ ಕ್ಲಾಸಿನ ಚಳಿಗಾಲದ ಜ್ವರದಲ್ಲಿ
ಆ ಕೈ ಹಿಡಿದ ಕಾಳು ನೋಡಿ
ಕಾವಲಿನವರು ಹೊರಟರು. ಜ್ವರ ಹೋಯಿತು.
ಅವರು ನಿಲ್ಲಲಿಲ್ಲ.
ಮಿದುಳಿನ ಆಳದಲ್ಲಿ, ಎಚ್ಚರವನ್ನು ಊದಿ ಊದಿ ಉರಿಸುತ್ತಿದ್ದ
ಕೆಲವೇ ಸಾವಿರ ಕೋಶಗಳಿದ್ದವು.
ಅವುಗಳ ಕಾಳೂ ಅದೇ ಬಣ್ಣ ಕಂಡಿತೇನೋ.
"ಏನೋ" ಅಂತಲೇ ಅಂದರು ಡಾಕ್ಟರಮ್ಮ, ಎರಡು ಸಲ.

ಅವ್ವ ಕೇಳಿದ್ದು ಒಂದೇ, ಆ ಕೈ ಯಾರ ಕಡೇದು?
ಅಪ್ಪ ತನ್ನ ಅಂಗೈ ನೋಡಿಕೊಂಡ.

ನನ್ನ ರಕ್ತವನ್ನೂ ತಗೊಂಡರು, ಹೋಲಿಸಿ ನೋಡಲು.
ಎರಡು ತಿಂಗಳಿಗೆ ಕಾಗದ ಬಂತು.
ಅದೇ ಲಾರಿ ನಂಬರು.
ಅದೇ ಕೈ ನನಗೂ. ಅದೇ ಚಳಿಗಾಲ, ಅದೇ ಜ್ವರ,
ಒಂದೇ ಕೌದಿಯಲ್ಲಿ ಮಲಗಿದ್ದೆವು,
ಒಂದೇ ಲೋಟದಲ್ಲಿ ಗಂಜಿ.
"ಭಯ ಬೇಡ, ಈ ಕೈ ಇರೋರು ಊರಿನ ತುಂಬ ಇದಾರೆ,
ಸಾವಿರದಲ್ಲಿ ಒಬ್ಬರಿಗೆ ಹೀಗಾದರೆ ಹೆಚ್ಚು."
ಹಾಗಾದರೆ ಇವಳಿಗೇ ಯಾಕೆ, ಅಂದೆ.
ಅವರು ಪೆನ್ನಿನ ಮುಚ್ಚಳ ಹಾಕಿದರು.

ಭಟ್ಟಿಯಲ್ಲಿ ದಿನಾ ನೋಡುತ್ತೇನೆ.
ಒಂದೇ ಅಕ್ಕಿ, ಒಂದೇ ಉಪ್ಪುನೀರು, ಒಂದೇ ಮರಳು.
ಸುರಿದ ಕ್ಷಣ ಬಾಣಲೆಯೆಲ್ಲ ಅರಳಿ ಬೆಳ್ಳಗೆ,
ಜರಡಿಯ ತಳದಲ್ಲಿ ಮಾತ್ರ ಒಂದೆರಡು
ಅರಳದೆ, ಕಪ್ಪಗೆ, ಗಟ್ಟಿಯಾಗಿ.
ಜರಡಿ ಹಿಡಿದವಳು ಕಾರಣ ಕೇಳುವುದಿಲ್ಲ, ಕೊಡವುತ್ತಾಳೆ.
ಮೊನ್ನೆ ಅಂಥದೊಂದನ್ನು
ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದೆ.
ಯಾಕೆಂದು ನನಗೂ ತಿಳಿಯದು.

ಈಗ ನಾನು ಆಕಳಿಸಿದರೆ
ಅವ್ವ ರೊಟ್ಟಿ ತಟ್ಟುವುದು ಬಿಟ್ಟು ನನ್ನ ಮುಖ ನೋಡುತ್ತಾಳೆ.

ಎಷ್ಟೋ ತಿಂಗಳು ಯಾರೂ ನಗಿಸಲಿಲ್ಲ ಕೆಂಚಿಯನ್ನ.
ಟೀವಿಯಲ್ಲಿ ಹಾಸ್ಯ ಬಂದರೆ ಅಪ್ಪ ಆರಿಸುತ್ತಿದ್ದ.
ನಿನ್ನೆ ಸಂಜೆ ಭಟ್ಟಿಯ ಹಿಂದೆ
ತಾನೇ ನಾಲ್ಕು ಖಾಲಿ ಗೋಣಿಚೀಲ ಹಾಸಿ
ನಡುವೆ ಕೂತಳು. "ಅಕ್ಕಾ,
ಆ ತಾಯತದ ಮುದುಕನ ಕತಿ ಹೇಳು."
"ಬೀಳ್ತೀಯ."
"ಅದಕ್ಕ ಹಾಸೀನಲ್ಲ."

ಹೇಳಿದೆ. ಅರ್ಧ ರೊಕ್ಕದ ಹೊತ್ತಿಗೆ
ಅವಳ ಗಲ್ಲ ಸಡಿಲಾಯಿತು.
ನಾನು ನಿಲ್ಲಿಸಲಿಲ್ಲ.